ಓಸ್ಲೋದಲ್ಲಿ ಮಾತು ತಪ್ಪಿದ್ದು ಯಾರು? ಮೊದಲು ಕೊಟ್ಟ ಮಾತೇನು ಅಂತ ನೋಡೋಣ

ಪ್ರಶ್ನೆ: ಸರ್, 1993ರಲ್ಲಿ ಶ್ವೇತಭವನದ ಮುಂದೆ ಇಸ್ರೇಲ್ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ (ಪಿಎಲ್‌ಒ) ನಾಯಕ ಅರಾಫತ್ ಕೈ ಕುಲುಕಿದ ಫೋಟೋ ಕಂಡಾಗಲೆಲ್ಲ ನಮ್ಮ ಮನೆಯಲ್ಲಿ ವಾದ ಶುರುವಾಗುತ್ತದೆ. ಪ್ಯಾಲೆಸ್ಟೀನಿನವರು ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ ಅಂತ ನಮ್ಮಣ್ಣ. ಇಲ್ಲ, ಮೋಸ ಮಾಡಿದ್ದು ಇಸ್ರೇಲ್ ಅಂತ ನಾನು. ಅವರಿಬ್ಬರಿಗೂ ನಿಜವಾಗಿ ಶಾಂತಿ ಬೇಕಿತ್ತಾ, ಅಥವಾ ಅದು ಕ್ಯಾಮೆರಾ ಮುಂದಿನ ನಾಟಕವಾ? ಮೊದಲು ಮಾತು ಮುರಿದವರು ಯಾರು?

ಉತ್ತರ: ನೀವಿಬ್ಬರೂ ಅರ್ಧರ್ಧ ಸರಿ ಅಂತ ಹೇಳಿ ನಾನು ಜಾರಿಕೊಳ್ಳಬಹುದು. ಹಾಗೆ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ನಿಮ್ಮ ಪ್ರಶ್ನೆಯಲ್ಲೇ ಒಂದು ತೊಡಕಿದೆ. ಮಾತು ಮುರಿಯಬೇಕಾದರೆ ಮೊದಲು ಮಾತು ಕೊಟ್ಟಿರಬೇಕು, ಅಲ್ವಾ? ನಾರ್ವೆಯಲ್ಲಿ ಗುಟ್ಟಾಗಿ ರೂಪಿಸಿ ಅವತ್ತು ಸಹಿ ಹಾಕಿದ ಓಸ್ಲೋ ಒಪ್ಪಂದವನ್ನು ಒಮ್ಮೆ ಕೂತು ಓದಿ. ಜನ ಯಾವುದನ್ನು ಕೊಟ್ಟ ಮಾತು ಅಂದುಕೊಂಡಿದ್ದಾರೋ ಅದರಲ್ಲಿ ಮುಖ್ಯವಾದದ್ದು ಆ ಕಾಗದದಲ್ಲಿ ಇಲ್ಲವೇ ಇಲ್ಲ. ಪ್ಯಾಲೆಸ್ಟೀನ್ ಎಂಬ ಸ್ವತಂತ್ರ ದೇಶ ಬರುತ್ತದೆ ಅಂತ ಎಲ್ಲೂ ಬರೆದಿಲ್ಲ. 1967ರಲ್ಲಿ ಇಸ್ರೇಲ್ ಹಿಡಿದ ನೆಲದಲ್ಲಿ ಯಹೂದಿ ವಸಾಹತು ಕಟ್ಟುವುದನ್ನು ನಿಲ್ಲಿಸುತ್ತೇವೆ ಎಂಬ ಸಾಲೂ ಇಲ್ಲ. ಜೆರುಸಲೇಂ, ನಿರಾಶ್ರಿತರು, ವಸಾಹತು, ಗಡಿ, ಭದ್ರತೆ, ಈ ಐದೂ "ಆಮೇಲೆ ಮಾತಾಡೋಣ" ಎಂಬ ಪಟ್ಟಿಗೆ ಹೋದವು. ಜಗಳ ಇದ್ದದ್ದೇ ಆ ಐದರ ಬಗ್ಗೆ!

ನಾಟಕವಾ ಅಂತ ಕೇಳಿದಿರಿ. ಅಲ್ಲ. ಆದರೆ ಬರೀ ಆದರ್ಶವೂ ಅಲ್ಲ. ಇಬ್ಬರೂ ಸೋತು ಸುಣ್ಣವಾಗಿ ಬಂದವರು. 1990ರಲ್ಲಿ ಕುವೈತ್ ಮೇಲೆ ಸದ್ದಾಂ ನುಗ್ಗಿದಾಗ ಅರಾಫತ್ ಅವನ ಪಕ್ಕ ವಾಲಿದರು. ಕೊಲ್ಲಿ ದೇಶಗಳ ದುಡ್ಡು ನಿಂತಿತು, ಅತ್ತ ಸೋವಿಯತ್ ಒಕ್ಕೂಟವೂ ಇಲ್ಲವಾಯಿತು. ಟ್ಯೂನಿಸ್‌ನಲ್ಲಿ ಕೂತಿದ್ದ ಪಿಎಲ್‌ಒ ಕೈ ಖಾಲಿ. ರಾಬಿನ್ ಕಡೆ ನೋಡಿದರೆ, 1987ರ ಡಿಸೆಂಬರಿನಲ್ಲಿ ಶುರುವಾದ ಪ್ಯಾಲೆಸ್ಟೀನಿಯರ ದಂಗೆ, ಅಂದರೆ ಇಂತಿಫಾದಾವನ್ನು, ಸೈನ್ಯದಿಂದ ಅಡಗಿಸಲು ಆಗಿರಲಿಲ್ಲ. ಪಿಎಲ್‌ಒ ಕುಸಿದರೆ ಆ ಜಾಗಕ್ಕೆ ಇಸ್ಲಾಮಿ ಸಂಘಟನೆ ಹಮಾಸ್ ಬರುತ್ತದೆ ಎಂಬ ಹೆದರಿಕೆ ಬೇರೆ. ಜೊತೆಗೆ 1992ರ ಚುನಾವಣೆಯಲ್ಲಿ, ಆರರಿಂದ ಒಂಬತ್ತು ತಿಂಗಳಲ್ಲಿ ಪ್ಯಾಲೆಸ್ಟೀನಿಯರ ಜೊತೆ ಒಪ್ಪಂದ ಮಾಡುತ್ತೇನೆ ಅಂತ ಮತ ಕೇಳಿದ್ದ ಮನುಷ್ಯ ಅವರು.

ಆದರ್ಶ ಇದ್ದದ್ದು ಬೇರೆ ಕಡೆ. 1993ರ ಜನವರಿಯಲ್ಲಿ ನಾರ್ವೆಯ ಸಾರ್ಪ್ಸ್‌ಬೊರ್ಗ್ ಎಂಬ ಊರಿನ ಒಂದು ಬಂಗಲೆಯಲ್ಲಿ ಇಬ್ಬರು ಇಸ್ರೇಲಿ ಪ್ರೊಫೆಸರುಗಳು, ಯಾಯಿರ್ ಹಿರ್ಶ್‌ಫೆಲ್ಡ್ ಮತ್ತು ರೋನ್ ಪುಂಡಾಕ್, ಪಿಎಲ್‌ಒದ ಅಹ್ಮದ್ ಕುರೇಯಿ ಜೊತೆ ಗುಟ್ಟಾಗಿ ಕೂತರು. ಪಿಎಲ್‌ಒ ಜೊತೆ ಮಾತಾಡುವುದು ಅಪರಾಧ ಎಂಬ ಇಸ್ರೇಲಿ ಕಾನೂನು ರದ್ದಾದದ್ದು ಅದೇ ತಿಂಗಳು, ನೋಡಿ. ನಾರ್ವೆಯ ತೆರ್ಯೆ ರೋಡ್-ಲಾರ್ಸೆನ್ ಮತ್ತು ಅವರ ಹೆಂಡತಿ ಮೋನಾ ಯೂಲ್ ನಡುವೆ ನಿಂತು ಎಲ್ಲ ಏರ್ಪಾಟು ನೋಡಿಕೊಂಡರು. ಒಂದೇ ಸೂರಿನಡಿ ಇರುವುದು, ಒಂದೇ ಮೇಜಿನಲ್ಲಿ ಊಟ, ಪತ್ರಕರ್ತರ ಕಾಟ ಇಲ್ಲ, ಹಳೆಯ ಗಾಯ ಕೆದಕುವ ಭಾಷಣ ಇಲ್ಲ. ನಿಜಕ್ಕೂ ಸ್ನೇಹ ಹುಟ್ಟಿತು. ಆ ಸ್ನೇಹದಿಂದಲೇ ಒಂದು ನಂಬಿಕೆಯೂ ಹುಟ್ಟಿತು. ಸುಲಭದ್ದನ್ನು ಮೊದಲು ಮಾಡೋಣ, ಕಷ್ಟದ್ದು ಕೊನೆಗಿರಲಿ, ಐದು ವರ್ಷ ಜೊತೆಗೆ ಕೆಲಸ ಮಾಡಿದರೆ ವಿಶ್ವಾಸ ಬೆಳೆಯುತ್ತದೆ, ಆಗ ಜೆರುಸಲೇಂ ಕೂಡ ಕಷ್ಟವಾಗದು ಎಂಬ ನಂಬಿಕೆ. ಹನ್ನೆರಡು ಜನಕ್ಕೆ ಆ ಬಂಗಲೆಯಲ್ಲಿ ಆದದ್ದು ಎರಡು ಜನಾಂಗಕ್ಕೂ ಆಗುತ್ತದೆ ಅಂತ ಲೆಕ್ಕ ಹಾಕಿದರು. ನನ್ನ ಪ್ರಕಾರ ಓಸ್ಲೋದ ಆದರ್ಶವೂ ಅದೇ, ಎಡವಿದ್ದೂ ಅಲ್ಲೇ.

ಅಣ್ಣತಮ್ಮಂದಿರು ಪಾಲಾಗುವುದನ್ನು ನೀವು ನೋಡಿರುತ್ತೀರಿ. ಪಾತ್ರೆ-ಪಗಡ ಈಗ ಹಂಚಿಕೊಳ್ಳೋಣ, ಬಾವಿ ಮತ್ತು ಮನೆ ಯಾರಿಗೆ ಅನ್ನೋದನ್ನು ಐದು ವರ್ಷ ಬಿಟ್ಟು ನೋಡೋಣ, ಅಲ್ಲಿಯವರೆಗೆ ಮನೆಯ ಕೀಲಿ ಅಣ್ಣನ ಹತ್ತಿರ ಇರಲಿ ಅಂತ ಕರಾರು ಬರೆದರೆ ಏನಾಗುತ್ತದೆ? ಅಣ್ಣ ಒಂದೊಂದೇ ಕೋಣೆ ಕಟ್ಟಿಸುತ್ತಾ ಹೋಗುತ್ತಾನೆ. ತಮ್ಮ ರಾತ್ರಿ ಕಲ್ಲು ತೂರುತ್ತಾನೆ. ಅದಕ್ಕೇ ಕೋಣೆ ಕಟ್ಟಿಸಿದೆ ಅಂತಾನೆ ಅಣ್ಣ, ಅದಕ್ಕೇ ಕಲ್ಲು ಹೊಡೆದೆ ಅಂತಾನೆ ತಮ್ಮ. ಹೋಲಿಕೆ ಪೂರ್ತಿ ಕೂಡುವುದಿಲ್ಲ ಬಿಡಿ, ಇಲ್ಲಿ ಇಬ್ಬರೂ ಸಮಾನ ವಾರಸುದಾರರಲ್ಲ. ಇಸ್ರೇಲಿ ಸೈನ್ಯ ಪ್ಯಾಲೆಸ್ಟೀನಿಯರ ನೆಲದಲ್ಲಿ, ವೆಸ್ಟ್ ಬ್ಯಾಂಕ್ ಮತ್ತು ಗಾಜಾದಲ್ಲಿ, 1967ರಿಂದ ಕೂತಿತ್ತು. ಆದರೆ ಆ ಕೀಲಿಯ ಮಾತು ನೆನಪಿರಲಿ.

1993ರ ಸೆಪ್ಟೆಂಬರ್ 9ರಂದು ಎರಡು ಕಡೆಯವರೂ ಒಬ್ಬರಿಗೊಬ್ಬರು ಪತ್ರ ಬರೆದರು. ಇಸ್ರೇಲ್ ಶಾಂತಿ, ಭದ್ರತೆಯಿಂದ ಬದುಕುವ ಹಕ್ಕನ್ನು ಪಿಎಲ್‌ಒ ಒಪ್ಪುತ್ತದೆ, ಭಯೋತ್ಪಾದನೆ ಬಿಡುತ್ತದೆ, ಇಸ್ರೇಲನ್ನು ಒಪ್ಪದ ತನ್ನ ಮೂಲ ಸನ್ನದನ್ನು ತಿದ್ದುತ್ತದೆ ಅಂತ ಅರಾಫತ್ ಉದ್ದಕ್ಕೆ ಬರೆದರು. ರಾಬಿನ್ ಉತ್ತರ ಚಿಕ್ಕದು. ಪಿಎಲ್‌ಒವನ್ನು ಪ್ಯಾಲೆಸ್ಟೀನಿ ಜನರ ಪ್ರತಿನಿಧಿ ಅಂತ ಒಪ್ಪಿ ಮಾತುಕತೆ ಶುರು ಮಾಡುತ್ತೇವೆ, ಅಷ್ಟೇ. ಒಬ್ಬರು ದೇಶವನ್ನು ಒಪ್ಪಿದರು, ಇನ್ನೊಬ್ಬರು ಸಂಘಟನೆಯನ್ನು ಒಪ್ಪಿದರು. ನಾಲ್ಕು ದಿನ ಕಳೆದು ಕೈ ಕುಲುಕಿದ ಫೋಟೋ ಬಂತು. ಆ ಫೋಟೋದ ಬದಲು ಈ ಎರಡು ಪತ್ರಗಳು ಪ್ರಸಿದ್ಧವಾಗಿದ್ದರೆ ಜನರ ನಿರೀಕ್ಷೆ ಇನ್ನೂ ತಗ್ಗಿರುತ್ತಿತ್ತು.

ಈಗ "ಮೊದಲು ಮುರಿದವರು ಯಾರು" ಎಂಬ ಪ್ರಶ್ನೆ. ಅಕ್ಷರಶಃ ನೋಡಿದರೆ ಮೊದಲು ಮುರಿದದ್ದು ಗಡುವು. ಗಾಜಾ ಮತ್ತು ವೆಸ್ಟ್ ಬ್ಯಾಂಕಿನ ಜೆರಿಕೊ ಊರಿನಿಂದ ಇಸ್ರೇಲಿ ಸೈನ್ಯ ವಾಪಸಾಗುವ ಒಪ್ಪಂದ 1993ರ ಡಿಸೆಂಬರ್ 13ಕ್ಕೆ ಆಗಬೇಕಿತ್ತು. ಆಗಲಿಲ್ಲ. ಯಾವ ದಿನಾಂಕವೂ ಪವಿತ್ರವಲ್ಲ ಅಂದರು ರಾಬಿನ್. ಸೇನಾಧಿಕಾರಿಯಾಗಿದ್ದವರ ಮಾತದು, ವಿವರ ಸರಿಯಾಗಲಿ ಎಂಬ ಅರ್ಥ ಇದ್ದಿರಬಹುದು. ಆದರೆ ಇಡೀ ಒಪ್ಪಂದವೇ ದಿನಾಂಕಗಳ ಮೇಲೆ ನಿಂತಿದ್ದಾಗ, ಕೈಯಲ್ಲಿ ಬೇರೇನೂ ಇಲ್ಲದವನಿಗೆ ಆ ಮಾತು ಹೇಗೆ ಕೇಳಿಸಬೇಡ? ಕೊನೆಗೆ 1994ರ ಮೇ 4ರಂದು ಕೈರೋದಲ್ಲಿ ಸಹಿ. ಅಲ್ಲೂ ಫಜೀತಿ. ಟಿವಿಯಲ್ಲಿ ಜಗತ್ತೇ ನೋಡುತ್ತಿರುವಾಗ ಅರಾಫತ್ ಒಪ್ಪಂದಕ್ಕೆ ಸಹಿ ಹಾಕಿ ಜೆರಿಕೊದ ನಕ್ಷೆಗಳಿಗೆ ಹಾಕದೆ ಬಿಟ್ಟರು. ರಾಬಿನ್ ಕಣ್ಣಿಗೆ ಬಿತ್ತು, ನಿಂತುಬಿಟ್ಟರು. ಈಜಿಪ್ಟಿನ ಮುಬಾರಕ್ ಅರಾಫತ್‌ರನ್ನು ಪಕ್ಕಕ್ಕೆ ಕರೆದು ಒಪ್ಪಿಸಬೇಕಾಯಿತು. ಮದುವೆ ಮಂಟಪದಲ್ಲಿ ವರದಕ್ಷಿಣೆ ಜಗಳ ತೆಗೆದ ಹಾಗೆ.

ಅದೇ ತಿಂಗಳು ಅರಾಫತ್ ದಕ್ಷಿಣ ಆಫ್ರಿಕಾಕ್ಕೆ ಹೋದರು, ಮಂಡೇಲಾ ಅಧಿಕಾರ ಸ್ವೀಕಾರಕ್ಕೆ. ಜೊಹಾನ್ಸ್‌ಬರ್ಗ್‌ನ ಮಸೀದಿಯಲ್ಲಿ ಭಾಷಣ ಮಾಡುತ್ತಾ ಜೆರುಸಲೇಂಗಾಗಿ ಜಿಹಾದ್ ಅಂದರು. ಈ ಒಪ್ಪಂದವನ್ನು ಪ್ರವಾದಿಯವರು ಮೆಕ್ಕಾದ ಕುರೈಷ್ ಬುಡಕಟ್ಟಿನವರ ಜೊತೆ ಮಾಡಿಕೊಂಡ, ಎರಡೇ ವರ್ಷದಲ್ಲಿ ಮುರಿದುಬಿದ್ದ ಹುದೈಬಿಯಾ ಕದನವಿರಾಮದ ಒಡಂಬಡಿಕೆಗೆ ಹೋಲಿಸಿದರು. ಯಾರೋ ಗುಟ್ಟಾಗಿ ಟೇಪ್ ಮಾಡಿದ್ದರು. ಅದು ಇಸ್ರೇಲಿನಲ್ಲಿ ಪ್ರಸಾರವಾದ ಮೇಲೆ "ಇದು ಇವರಿಗೆ ತಾತ್ಕಾಲಿಕ ಕದನವಿರಾಮ ಅಷ್ಟೇ" ಎಂಬ ಅನುಮಾನ ಸಾಮಾನ್ಯ ಇಸ್ರೇಲಿಯ ತಲೆಯಲ್ಲಿ ಕೂತಿತು. ಜಿಹಾದ್ ಅಂದರೆ ಶಾಂತಿಯುತ ಹೋರಾಟ ಅಂತ ಆಮೇಲೆ ಅರಾಫತ್ ಎಷ್ಟು ವಿವರಿಸಿದರೂ ಪ್ರಯೋಜನವಾಗಲಿಲ್ಲ.

ರಾಬಿನ್ ಕೂಡ ತಮ್ಮ ಜನಕ್ಕೆ ಬೇರೆಯದನ್ನೇ ಹೇಳುತ್ತಿದ್ದರು. 1995ರ ಅಕ್ಟೋಬರ್ 5ರಂದು ಎರಡನೇ ಓಸ್ಲೋ ಒಪ್ಪಂದವನ್ನು ಸಂಸತ್ತಿನ ಮುಂದಿಟ್ಟಾಗ, ಪ್ಯಾಲೆಸ್ಟೀನಿಯರಿಗೆ ಸಿಗುವುದು "ದೇಶಕ್ಕಿಂತ ಕಡಿಮೆ" ಇರುವ ಒಂದು ವ್ಯವಸ್ಥೆ ಅಂದರು. ಜೆರುಸಲೇಂ ಒಂದೇ, ಅದು ನಮ್ಮದೇ. ಜೋರ್ಡಾನ್ ಕಣಿವೆ ನಮ್ಮ ಭದ್ರತಾ ಗಡಿ. ಹೀಗೆ ಹೇಳಿಯೂ ಅವರಿಗೆ ಸಿಕ್ಕಿದ್ದು 61 ಮತ, ವಿರುದ್ಧ 59. ಅತ್ತ ಅರಾಫತ್ ಗಾಜಾದಲ್ಲಿ, ಜೆರುಸಲೇಂ ರಾಜಧಾನಿಯಾಗಿ ಇರುವ ದೇಶ ಇನ್ನೇನು ಬಂತು ಅನ್ನುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ಇಲ್ಲಿನ ವಿಚಿತ್ರ. ಕಾಗದ ಖಾಲಿ ಇತ್ತು, ಇಬ್ಬರೂ ತಮಗೆ ಬೇಕಾದ್ದನ್ನು ತುಂಬಿಕೊಂಡು ಓದಿದರು.

ಇದು ಹೀಗೇ ಆಗುತ್ತದೆ ಅಂತ ಮೊದಲೇ ಹೇಳಿದವರು ಇದ್ದರು. ಗಾಜಾದ ವೈದ್ಯರು ಹೈದರ್ ಅಬ್ದೆಲ್ ಶಾಫಿ 1991ರ ಮ್ಯಾಡ್ರಿಡ್ ಶಾಂತಿ ಸಮ್ಮೇಳನದಲ್ಲಿ ಪ್ಯಾಲೆಸ್ಟೀನಿ ತಂಡದ ಮುಖ್ಯಸ್ಥರಾಗಿದ್ದರು. ವಸಾಹತು ನಿಲ್ಲದೆ ಮುಂದಿನ ಮಾತೇ ಬೇಡ ಎಂಬುದು ಅವರ ಹಟ. ಅದರ ಮುಂದುವರಿದ ಮಾತುಕತೆಗೆ ಅವರು ಹಾಗೆ ಪಟ್ಟು ಹಿಡಿದು ವಾಷಿಂಗ್ಟನ್‌ನಲ್ಲಿ ಕೂತಿದ್ದಾಗ, ಅವರಿಗೇ ಗೊತ್ತಿಲ್ಲದ ಹಾಗೆ ಓಸ್ಲೋದಲ್ಲಿ ಅರಾಫತ್ ಕಡೆಯವರು ಅದನ್ನು ಬಿಟ್ಟುಕೊಟ್ಟರು. ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಗೌರವ ಇರುವುದು ಆ ಮನುಷ್ಯನ ಮೇಲೆ. ಆದರ್ಶವಾದಿ ಅಂತ ಅವರನ್ನು ಯಾರೂ ಕರೆಯಲಿಲ್ಲ, ಮೊಂಡ ಅಂದರು.

ಅವರು ಹೆದರಿದ್ದೇ ಆಯಿತು. 1993ರಲ್ಲಿ ಪೂರ್ವ ಜೆರುಸಲೇಂ ಬಿಟ್ಟು ವೆಸ್ಟ್ ಬ್ಯಾಂಕ್‌ನಲ್ಲಿ ಸುಮಾರು 1.1 ಲಕ್ಷ ಯಹೂದಿ ವಸಾಹತುಗಾರರಿದ್ದರು. 2000ದ ಹೊತ್ತಿಗೆ 2 ಲಕ್ಷದ ಹತ್ತಿರ. ಇವತ್ತು 5 ಲಕ್ಷದ ಆಸುಪಾಸು. ಎರಡನೇ ಒಪ್ಪಂದದಲ್ಲಿ, ಕೊನೆಯ ಮಾತುಕತೆ ಮುಗಿಯುವವರೆಗೆ ಯಾರೂ ಈ ನೆಲದ ಸ್ಥಿತಿಗತಿ ಬದಲಿಸಬಾರದು ಎಂಬ ಒಂದು ಸಾಲೇನೋ ಇದೆ. ಅದು ಕಾನೂನಿನ ಸ್ಥಾನಮಾನದ ಮಾತು, ಮನೆ ಕಟ್ಟುವುದಕ್ಕೂ ಅದಕ್ಕೂ ಸಂಬಂಧವಿಲ್ಲ ಅಂದಿತು ಇಸ್ರೇಲ್. ನೆತನ್ಯಾಹು ಬಂದ ಮೇಲೆ ಮಾತ್ರ ಹೀಗಾಯಿತು ಅಂತ ಕೆಲವರು ಬರೆಯುತ್ತಾರೆ, ಅದು ತಪ್ಪು. ರಾಬಿನ್, ಪೆರೆಸ್, ಬರಾಕ್ ಪ್ರಧಾನಿಗಳಾಗಿದ್ದ ಕಾಲದಲ್ಲೂ ಕಟ್ಟಡ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಎದ್ದು ಎದುರಿನ ಗುಡ್ಡದ ಮೇಲೆ ಹೊಸ ಕ್ರೇನ್ ನೋಡುವ ರಮಲ್ಲಾ ಅಥವಾ ಬೆತ್ಲೆಹೆಮ್ ಹತ್ತಿರದ ಹಳ್ಳಿಯವನಿಗೆ, ಕಾನೂನಿನ ಸ್ಥಾನಮಾನ ಬದಲಾಗಿಲ್ಲ ಅಂತ ಯಾರು ಹೇಳಿ ಒಪ್ಪಿಸುತ್ತಾರೆ?

ನಿಮ್ಮಣ್ಣನ ವಾದಕ್ಕೆ ಬರುತ್ತೇನೆ, ಅವರದ್ದೂ ಪೊಳ್ಳಲ್ಲ. ಭಯೋತ್ಪಾದನೆ ಬಿಡುತ್ತೇವೆ, ಮಾಡುವವರನ್ನು ತಡೆಯುತ್ತೇವೆ ಅನ್ನುವುದು ಅರಾಫತ್ ಕೈಯಾರೆ ಬರೆದು ಕೊಟ್ಟ ಮಾತು. ಇದು ಖಾಲಿ ಕಾಗದ ಅಲ್ಲ. 1994ರ ಫೆಬ್ರವರಿ 25ರಂದು ವೆಸ್ಟ್ ಬ್ಯಾಂಕಿನ ಹೆಬ್ರಾನ್ ಊರಿನ ಮಸೀದಿಯಲ್ಲಿ ನಮಾಜ್ ಮಾಡುತ್ತಿದ್ದವರ ಮೇಲೆ ಬಾರೂಕ್ ಗೋಲ್ಡ್‌ಸ್ಟೈನ್ ಎಂಬ ವಸಾಹತುಗಾರ ಗುಂಡು ಹಾರಿಸಿ 29 ಜನರನ್ನು ಕೊಂದ. ಆ ಹೊತ್ತಿನಲ್ಲಿ ಹೆಬ್ರಾನ್ ಒಳಗಿನ ಸಣ್ಣ ವಸಾಹತನ್ನು ಖಾಲಿ ಮಾಡಿಸಬಹುದಿತ್ತು. ರಾಬಿನ್ ಯೋಚಿಸಿದರು, ಮಾಡಲಿಲ್ಲ. ಏಪ್ರಿಲ್ 6ರಂದು ಇಸ್ರೇಲಿನ ಅಫುಲಾ ಊರಿನಲ್ಲಿ ಬಸ್ಸಿನ ಪಕ್ಕ ಹಮಾಸ್ ಕಾರ್ ಬಾಂಬ್ ಸಿಡಿಸಿತು. ಅಕ್ಟೋಬರಿನಲ್ಲಿ ಟೆಲ್ ಅವೀವ್ ನಡುಬೀದಿಯ ಬಸ್ಸಿನಲ್ಲಿ 22 ಸಾವು. 1996ರ ಫೆಬ್ರವರಿ-ಮಾರ್ಚ್‌ನಲ್ಲಿ ಒಂದರ ಹಿಂದೆ ಒಂದು ಸ್ಫೋಟ, ಹತ್ತಿರಹತ್ತಿರ 60 ಜನ ಹೋದರು. ಅರಾಫತ್ ಪೊಲೀಸರು ಬಂಧಿಸುತ್ತಿದ್ದರು, ಸ್ವಲ್ಪ ದಿನ ಬಿಟ್ಟು ಬಿಡುತ್ತಿದ್ದರು. 1996ರ ಆ ಸ್ಫೋಟಗಳಾದ ಮೇಲೆ ನಿಜವಾಗಿ ಬಿಗಿ ಮಾಡಿದರು. ಅಂದರೆ ಮನಸ್ಸು ಮಾಡಿದರೆ ಮಾಡಬಹುದಿತ್ತು ಅಂತ ತಾವೇ ತೋರಿಸಿಕೊಟ್ಟ ಹಾಗಾಯಿತು. ಹಮಾಸನ್ನು ಕೈಲಿ ಒಂದು ಬೆತ್ತದ ಹಾಗೆ ಇಟ್ಟುಕೊಳ್ಳೋಣ, ಬೇಕಾದಾಗ ಝಳಪಿಸೋಣ ಎಂಬ ಆಟ ಅದು. ಬಸ್ಸಿನಲ್ಲಿ ಮಗಳನ್ನು ಕಳೆದುಕೊಂಡವರಿಗೆ ಈ ಆಟದ ಸೂಕ್ಷ್ಮ ಬೇಕಿಲ್ಲ.

ರಾಬಿನ್ ಕೊಲೆ 1995ರ ನವೆಂಬರ್ 4. ಕೊಂದವನು ಯಿಗಾಲ್ ಅಮಿರ್, ಯಹೂದಿಯೇ, ಇಸ್ರೇಲಿಯೇ. ಅದಕ್ಕೆ ನಾಲ್ಕು ದಿನ ಮೊದಲಷ್ಟೇ ಇಸ್ರೇಲಿ ಸಚಿವ ಯೋಸಿ ಬೈಲಿನ್ ಮತ್ತು ಪಿಎಲ್‌ಒದ ಮಹಮೂದ್ ಅಬ್ಬಾಸ್ ಕಡೆಯವರು ಗುಟ್ಟಾಗಿ ಕೂತು ಕೊನೆಯ ಒಪ್ಪಂದದ ಕರಡನ್ನು ಮುಗಿಸಿದ್ದರು. ಜೆರುಸಲೇಂಗೂ ಅದರಲ್ಲಿ ಒಂದು ದಾರಿ ಹುಡುಕಿದ್ದರು. ರಾಬಿನ್ ಅದನ್ನು ನೋಡಲೇ ಇಲ್ಲ. ಅವರು ಬದುಕಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ಹೇಳುವವರು ಬಹಳ ಜನ. ನಾನು ಅಷ್ಟು ದೂರ ಹೋಗುವುದಿಲ್ಲ. ಅಕ್ಟೋಬರ್ 5ರ ಭಾಷಣದಲ್ಲಿ ಇದ್ದ ರಾಬಿನ್‌ಗೂ ಅರಾಫತ್‌ಗೆ ಬೇಕಿದ್ದಕ್ಕೂ ನಡುವೆ ದೊಡ್ಡ ಕಂದಕವೇ ಇತ್ತು. ಆದರೆ ತಮ್ಮ ಜನ ಒಪ್ಪದ್ದನ್ನೂ ಒಪ್ಪಿಸುವ ಗತ್ತು ಅವರಿಗೆ ಇತ್ತು. ಅಂಥವರು ಆಮೇಲೆ ಎರಡೂ ಕಡೆ ಬರಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1996ರ ಮೇ ತಿಂಗಳಲ್ಲಿ ನೆತನ್ಯಾಹು ಶೇಕಡಾ ಒಂದಕ್ಕೂ ಕಡಿಮೆ ಅಂತರದಲ್ಲಿ ಗೆದ್ದರು. ಎರಡನೇ ಒಪ್ಪಂದದ ಪ್ರಕಾರ ಸೈನ್ಯ ವೆಸ್ಟ್ ಬ್ಯಾಂಕಿನಲ್ಲಿ ಮೂರು ಕಂತಿನಲ್ಲಿ ಹಿಂದೆ ಸರಿಯಬೇಕಿತ್ತು, ಕಂತುಗಳು ಪೂರ್ತಿ ಆಗಲೇ ಇಲ್ಲ. 1998ರ ವೈ ನದಿ ಒಪ್ಪಂದ ಹಳೆಯ ಮಾತನ್ನೇ ಮತ್ತೆ ಕೊಟ್ಟ ಮಾತು, ಅದೂ ಮೊದಲ ಹೆಜ್ಜೆಗೇ ನಿಂತಿತು. ಐದು ವರ್ಷದ ಗಡುವು, 1999ರ ಮೇ 4, ಬಂದು ಹೋಯಿತು.

1999ರಲ್ಲಿ ಪ್ರಧಾನಿಯಾದ ಬರಾಕ್ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಒಳ್ಳೆಯ ಉದ್ದೇಶದಿಂದ ಮಾತು ಮುರಿಯುವುದು ಹೇಗೆ ಅಂತ ಅವರಿಂದ ಕಲಿಯಬಹುದು. ಎಲ್ಲವನ್ನೂ ಒಂದೇ ಏಟಿಗೆ ಮುಗಿಸುತ್ತೇನೆ ಎಂಬುದು ಅವರ ಛಲ. ಹಾಗಿರುವಾಗ ಸಣ್ಣಪುಟ್ಟ ಕಂತು ಕೊಟ್ಟು ಯಾಕೆ ರಾಜಕೀಯ ಬಂಡವಾಳ ಖರ್ಚು ಮಾಡಲಿ ಅಂತ ಮೂರನೇ ಕಂತನ್ನು ಕೊಡಲಿಲ್ಲ. ಜೆರುಸಲೇಂ ಪಕ್ಕದ ಅಬು ದಿಸ್, ಅಲ್-ಅಝಾರಿಯಾ, ಸವಾಹ್ರಾ ಎಂಬ ಮೂರು ಹಳ್ಳಿಗಳನ್ನು ಪ್ಯಾಲೆಸ್ಟೀನಿ ಆಡಳಿತಕ್ಕೆ ಕೊಡುತ್ತೇನೆ ಅಂದಿದ್ದರು. 2000ದ ಮೇ ತಿಂಗಳಲ್ಲಿ ಸಂಸತ್ತಿನ ಒಪ್ಪಿಗೆಯೂ ಸಿಕ್ಕಿತು. ಆದರೂ ಕೊಡಲಿಲ್ಲ. ಮೂರು ಹಳ್ಳಿ ಕೊಡದವರು ನಾಳೆ ದೇಶ ಕೊಡುತ್ತಾರಾ ಅಂತ ಅರಾಫತ್ ಅಂದುಕೊಂಡಿದ್ದರೆ ಆಶ್ಚರ್ಯವೇನಿಲ್ಲ.

ಇದೇ ಅನುಮಾನ ಹೊತ್ತು ಅರಾಫತ್ ಜುಲೈನಲ್ಲಿ ಕೊನೆಯ ಒಪ್ಪಂದದ ಮಾತುಕತೆಗೆ ಅಮೆರಿಕದ ಕ್ಯಾಂಪ್ ಡೇವಿಡ್‌ಗೆ ಹೋದರು. ಈಗಲೇ ಬೇಡ, ತಯಾರಿ ಸಾಲದು ಅಂದಿದ್ದರು. ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಬಿಡಲಿಲ್ಲ. ವಿಫಲವಾದರೂ ನಿಮ್ಮ ಮೇಲೆ ತಪ್ಪು ಹೊರಿಸುವುದಿಲ್ಲ ಅಂತ ಮಾತು ಕೊಟ್ಟು ಕರೆದರು ಎಂದು ಆಗ ಕ್ಲಿಂಟನ್ ತಂಡದಲ್ಲೇ ಇದ್ದ ರಾಬರ್ಟ್ ಮಾಲಿ ಆಮೇಲೆ ಬರೆದರು. ಹದಿನೈದು ದಿನ ಕಳೆದು, ಜುಲೈ 25ರಂದು, ಮಾತುಕತೆ ಮುರಿದುಬಿತ್ತು. ಕ್ಲಿಂಟನ್ ಹೊರಗೆ ಬಂದು ಬರಾಕ್ ಧೈರ್ಯವನ್ನು ಹೊಗಳಿದರು. ಬೆರಳು ಯಾರ ಕಡೆ ತಿರುಗಿತು ಅಂತ ಬಿಡಿಸಿ ಹೇಳಬೇಕಿಲ್ಲ. ಬರಾಕ್ ಏನು ಕೊಡಲು ಬಂದಿದ್ದರು ಎಂಬುದಕ್ಕೆ ಅವರ ಸಹಿ ಇರುವ ಒಂದು ಹಾಳೆಯೂ ಇಲ್ಲ, ಎಲ್ಲ ಅಮೆರಿಕನ್ನರ ಬಾಯಿಂದ ಬಂದ ಮಾತು. ಎಷ್ಟು ಶೇಕಡಾ ನೆಲ ಎಂಬುದರ ಮೇಲೇ ಇವತ್ತಿಗೂ ಜಗಳ. ಇತ್ತ ಅರಾಫತ್ ಕೂಡ ತಮ್ಮದೊಂದು ಪ್ರಸ್ತಾಪ ಮೇಜಿನ ಮೇಲೆ ಇಡಲಿಲ್ಲ. ಜೆರುಸಲೇಂನ ಅಲ್-ಅಕ್ಸಾ ಮಸೀದಿ ಇರುವ ಜಾಗದಲ್ಲಿ ಹಿಂದೆ ಯಹೂದಿ ದೇವಾಲಯ ಇರಲೇ ಇಲ್ಲ ಅಂತ ವಾದಿಸಿದರು ಎಂದು ಅಲ್ಲಿದ್ದ ಅಮೆರಿಕನ್ನರೇ ಹೇಳಿದ್ದಾರೆ. ಹಾಗೆ ಹೇಳಿ ಯಾವ ಯಹೂದಿಯ ಮನಸ್ಸು ಗೆಲ್ಲಲು ಸಾಧ್ಯ? ಸೆಪ್ಟೆಂಬರ್ 28ಕ್ಕೆ ಇಸ್ರೇಲಿ ವಿರೋಧ ಪಕ್ಷದ ನಾಯಕ ಶರೋನ್ ಅದೇ ಜಾಗಕ್ಕೆ ಪೊಲೀಸ್ ಪಡೆಯ ಜೊತೆ ಹೋದರು, ಎರಡನೇ ಇಂತಿಫಾದಾ ಹೊತ್ತಿಕೊಂಡಿತು. ಡಿಸೆಂಬರಿನಲ್ಲಿ ಕ್ಲಿಂಟನ್ ಸೂತ್ರ ಬಂತು: ವೆಸ್ಟ್ ಬ್ಯಾಂಕಿನ ಶೇಕಡಾ 94ರಿಂದ 96, ಜೊತೆಗೆ ನೆಲದ ಅದಲುಬದಲು. ಕೊನೆಗೂ ಒಂದು ಅಳತೆ ಕಂಡಿತು. ಆದರೆ ಕ್ಲಿಂಟನ್ ಮನೆಗೆ ಹೋಗುವ ದಿನ ಬಂದಿತ್ತು, ಬರಾಕ್ ಸೋಲುವ ದಿನವೂ.

ಆಮೇಲೆ ಬಂದದ್ದೆಲ್ಲ ಗಡುವುಗಳ ಮೆರವಣಿಗೆ. 2003ರಲ್ಲಿ ಅಮೆರಿಕ ಮತ್ತಿತರರು ಮುಂದಿಟ್ಟ ಶಾಂತಿ ಯೋಜನೆಯಾದ ರೋಡ್‌ಮ್ಯಾಪ್ 2005ಕ್ಕೆ ದೇಶ ಅಂದಿತು. 2007ರ ಅನಾಪೊಲಿಸ್ ಸಭೆ 2008ರ ಕೊನೆಗೆ ಒಪ್ಪಂದ ಅಂದಿತು. ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರ‍್ರಿ 2013ರಲ್ಲಿ ಒಂಬತ್ತು ತಿಂಗಳು ಕೇಳಿದರು. ಆ ಸಲ ಇಸ್ರೇಲ್ 104 ಹಳೆಯ ಪ್ಯಾಲೆಸ್ಟೀನಿ ಕೈದಿಗಳನ್ನು ನಾಲ್ಕು ಕಂತಿನಲ್ಲಿ ಬಿಡಬೇಕಿತ್ತು, ನಾಲ್ಕನೇ ಕಂತು ಬರಲಿಲ್ಲ, ಅರಾಫತ್ ನಂತರ ನಾಯಕರಾದ ಅಬ್ಬಾಸ್ ಸಿಟ್ಟಿನಿಂದ 15 ಅಂತಾರಾಷ್ಟ್ರೀಯ ಒಪ್ಪಂದಗಳಿಗೆ ಸೇರುವ ಅರ್ಜಿಗೆ ಸಹಿ ಹಾಕಿದರು. ಮುಗಿಯಿತು.

ಒಂದು ಮಾತು, ಸ್ವಲ್ಪ ಹಿಂದಕ್ಕೆ. ಇದು ನಮಗೆ ದೂರದ ಜಗಳ ಅನ್ನಿಸಬಹುದು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ತುರ್ಕರಿಂದ ಬಿಡಿಸಿದವರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಬೆಂಗಳೂರಿನಲ್ಲಿ ಅವರ ಸ್ಮಾರಕ ಇದೆ, ಪಕ್ಕದಲ್ಲೇ ದಿನಾ ಓಡಾಡುವವರಿಗೂ ಗೊತ್ತಿರುವುದಿಲ್ಲ. ಅವರು ಯಾರಿಗಾಗಿ ಹೋರಾಡಿದರೋ ಆ ಬ್ರಿಟಿಷರು ಅಷ್ಟು ಹೊತ್ತಿಗೆ ಅದೇ ನೆಲದ ಬಗ್ಗೆ ಮೂರು ಮಾತು ಕೊಟ್ಟಾಗಿತ್ತು. ಮೆಕ್ಕಾದ ಷರೀಫ್ ಹುಸೇನ್‌ಗೆ ಅರಬ್ಬರ ಸ್ವಾತಂತ್ರ್ಯ, ಫ್ರೆಂಚರ ಜೊತೆ ಗುಟ್ಟಿನ ಹಂಚಿಕೆ, ಯಹೂದಿಗಳಿಗೆ ಬಾಲ್ಫೋರ್ ಪತ್ರದಲ್ಲಿ "ರಾಷ್ಟ್ರೀಯ ನೆಲೆ". ನೆಲೆ ಅಂದರೇನು, ದೇಶವಾ? ಅದರ ಗಡಿ ಎಲ್ಲಿ? ಬರೆದಿಲ್ಲ. ಷರೀಫರಿಗೆ ಕೊಟ್ಟದ್ದರಲ್ಲಿ ಪ್ಯಾಲೆಸ್ಟೀನ್ ಸೇರಿದೆಯಾ? ಅದೂ ಸ್ಪಷ್ಟ ಇಲ್ಲ. ಖಾಲಿ ಬಿಟ್ಟು ಸಹಿ ಹಾಕುವ ಚಾಳಿ ಅಲ್ಲಿ ಓಸ್ಲೋಗಿಂತ ಮುಕ್ಕಾಲು ಶತಮಾನ ಹಳೆಯದು.

ಹಾಗಾದರೆ ನನ್ನ ತೀರ್ಪೇನು ಅಂತ ಕೇಳುತ್ತೀರಿ. ಇಬ್ಬರೂ ತಪ್ಪಿದರು. ಆದರೆ ತಪ್ಪಿದಾಗ ಕೇಳುವವರು ಯಾರೂ ಇರಲಿಲ್ಲ, ದೊಡ್ಡ ಕೊರತೆ ಅದು. ಅಂಪೈರ್ ಇಲ್ಲದ ಆಟದಲ್ಲಿ ಬಲ ಇದ್ದವನದ್ದೇ ತೀರ್ಪು. ಒಂದು ಉದಾಹರಣೆ ಸಾಕು. ಓಸ್ಲೋದ ಭಾಗವಾದ 1994ರ ಪ್ಯಾರಿಸ್ ಆರ್ಥಿಕ ಒಪ್ಪಂದದ ಪ್ರಕಾರ ಪ್ಯಾಲೆಸ್ಟೀನಿಯರು ತರಿಸುವ ಸರಕಿನ ಸುಂಕವನ್ನು ಇಸ್ರೇಲ್ ವಸೂಲಿ ಮಾಡಿ, ಶೇಕಡಾ 3 ಹಿಡಿದುಕೊಂಡು, ತಿಂಗಳು ತಿಂಗಳು ಪ್ಯಾಲೆಸ್ಟೀನಿ ಆಡಳಿತಕ್ಕೆ ಕೊಡಬೇಕು. ಆ ಆಡಳಿತದ ವರಮಾನದಲ್ಲಿ ಬಹುಪಾಲು ಇದೇ ದುಡ್ಡು. ಸಿಟ್ಟು ಬಂದಾಗಲೆಲ್ಲ ಇಸ್ರೇಲ್ ಅದನ್ನು ತಡೆಹಿಡಿಯುತ್ತದೆ, ಅಲ್ಲಿನ ಮೇಷ್ಟ್ರು, ನರ್ಸುಗಳ ಸಂಬಳ ಅರ್ಧಕ್ಕೆ ನಿಲ್ಲುತ್ತದೆ. ಇದು ಬರೆದುಕೊಟ್ಟ ಮಾತು, ಅಳತೆ ಸಮೇತ. ಆದರೂ ಕೀಲಿ ಯಾರ ಕೈಯಲ್ಲಿ ಇದೆ ನೋಡಿ. 1999ಕ್ಕೆ ಮುಗಿಯಬೇಕಿದ್ದ "ತಾತ್ಕಾಲಿಕ" ಏರ್ಪಾಟು ಇವತ್ತಿಗೂ ಹಾಗೇ ಇದೆ. ವೆಸ್ಟ್ ಬ್ಯಾಂಕಿನ ಸುಮಾರು ಶೇಕಡಾ 60 ಭಾಗ "ಸಿ ವಲಯ" ಎಂಬ ಹೆಸರಿನಲ್ಲಿ ಪೂರ್ತಿ ಇಸ್ರೇಲಿ ಹಿಡಿತದಲ್ಲಿದೆ, ಅಲ್ಲಿ ಪ್ಯಾಲೆಸ್ಟೀನಿ ಕುಟುಂಬ ಒಂದು ಕೊಟ್ಟಿಗೆ ಕಟ್ಟಬೇಕಾದರೂ ಸೈನ್ಯದ ಆಡಳಿತದ ಪರವಾನಗಿ ಬೇಕು.

ಮನೆಯ ವಾದ ಇಲ್ಲಿಗೆ ಮುಗಿಯುವುದಿಲ್ಲ ಅಂತ ಗೊತ್ತು. ಒಂದು ಕೆಲಸ ಮಾಡಿ. ರಾಬಿನ್ ಅವರ 1995ರ ಅಕ್ಟೋಬರ್ 5ರ ಭಾಷಣವನ್ನು ಹುಡುಕಿ ಅಣ್ಣನ ಕೈಗೆ ಕೊಡಿ. ನೀವು ಅರಾಫತ್ ಅವರ ಜೊಹಾನ್ಸ್‌ಬರ್ಗ್ ಭಾಷಣ ಓದಿ. ಅದಲುಬದಲು ಮಾಡಿಕೊಂಡು ಓದಬೇಡಿ, ಸುಮ್ನೆ ನಿಮಗೆ ಬೇಕಾದ್ದೇ ಸಿಗುತ್ತದೆ.